ಹಿಮಾಲಯಕ್ಕೆ ಹೊರಟವನು ಐಸಿನ ಕೋಣೆಯಲ್ಲಿ ಕುಳಿತದ್ದು

ಕೂಡ್ಲಿಗಿ ತಾಲ್ಲೂಕು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಒಂದು ಮೇಜು, ಒಂದು ಟೈಪ್‌ರೈಟರು ಇಟ್ಟುಕೊಂಡು ಕೂರುವ ಅರ್ಜಿ ಬರಹಗಾರ ನಾನು. ಕೊಟ್ರಪ್ಪ ಎಂದರೆ ಹತ್ತು ಜನ ತಿರುಗಿ ನೋಡುತ್ತಾರೆ. ಅರ್ಜಿ ಕೊಟ್ರಪ್ಪ ಎಂದರೆ ಕಾನಹೊಸಹಳ್ಳಿ ಬಸ್ಸಿನಿಂದ ಇಳಿದವರು ಯಾರನ್ನೂ ಕೇಳದೆ ನೇರ ನನ್ನ ಮೇಜಿಗೆ ಬರುತ್ತಾರೆ. ಪಿಂಚಣಿ, ಪಡಿತರ, ಪಹಣಿ, ಬಂದೂಕಿನ ಲೈಸೆನ್ಸು, ಯಾವ ಫಾರಂ ಆದರೂ ಸರಿ, ಒಂದು ಕಲಂ ಖಾಲಿ ಬಿಡದೆ, ಒಂದು ಕಡೆ ಚಿತ್ತು ಮಾಡದೆ ತುಂಬಿ ಕೊಡುತ್ತೇನೆ. ನಾನು ತುಂಬಿದ ಫಾರಂ ಇದುವರೆಗೆ ಒಂದೂ ವಾಪಸ್ಸು ಬಂದಿಲ್ಲ! ಇಂಥ ಮನುಷ್ಯ ಒಂದು ಫಾರಂ ತುಂಬಲು ಹೋಗಿ ಅರ್ಧ ದಿನ ಸತ್ತುಹೋಗಿದ್ದ ಎಂದರೆ ನೀವು ನಂಬಬೇಕು.

ಅದು ಮೊಬೈಲು ಇನ್ನೂ ನಮ್ಮ ಕಡೆ ಬಾರದ ಕಾಲ. ಊರಿನ ಬ್ಯಾಂಕಿಗೆ ಹೊಸದಾಗಿ ಬಂದಿದ್ದ ಒಬ್ಬ ಅಧಿಕಾರಿಗೆ ಬೆಟ್ಟ ಹತ್ತುವ ಹುಚ್ಚು. ಹಿಮಾಲಯದಲ್ಲಿ ಹದಿನಾಲ್ಕು ಸಾವಿರ ಅಡಿ ಎತ್ತರದ ಯಾವುದೋ ಕಣಿವೆಗೆ ಜನರನ್ನು ಕರೆದೊಯ್ಯುವ ಒಂದು ಸಂಘದಿಂದ ಫಾರಂ ತರಿಸಿಕೊಂಡು, ಟೈಪು ಮಾಡಿಸಲು ನನ್ನ ಹತ್ತಿರ ಬಂದ. ಒಂದು ಹಾಳಾದರೆ ಇನ್ನೊಂದು ಇರಲಿ ಎಂದು ಎರಡು ಪ್ರತಿ ತಂದಿದ್ದ. ನನ್ನ ಕೈಯಲ್ಲಿ ಫಾರಂ ಹಾಳಾಗುವುದೇ? ಒಂದು ಉಳಿಯಿತು. ಖಾಲಿ ಫಾರಂ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅರ್ಜಿದಾರರ ಹೆಸರು ಎಂಬಲ್ಲಿ ನನ್ನ ಹೆಸರು ಬರೆದೆ. ಹಾಗೆ ನಾನು ಹಿಮಾಲಯಕ್ಕೆ ಹೊರಟೆ!

ಫಾರಂ ಜೊತೆಗೆ ಒಂದು ಬಣ್ಣದ ಚಿತ್ರವೂ ಇತ್ತು. ಬರೀ ಬಿಳಿ. ಮರವಿಲ್ಲ, ಮನೆಯಿಲ್ಲ, ಹೆಜ್ಜೆಯ ಗುರುತೂ ಇಲ್ಲ. ಏಪ್ರಿಲ್ ತಿಂಗಳ ಕೂಡ್ಲಿಗಿಯಲ್ಲಿ ಮೇಜಿನ ಮೇಲೆ ಕೈ ಇಟ್ಟರೆ ಚುರ್ ಎನ್ನುತ್ತಿದ್ದಾಗ ನಾನು ಆ ಚಿತ್ರವನ್ನೇ ನೋಡುತ್ತ ಕೂರುತ್ತಿದ್ದೆ. ಅದರ ಒಂದು ಮೂಲೆಯಲ್ಲಿ ಸಣ್ಣ ಕಪ್ಪು ಚುಕ್ಕೆ ಇತ್ತು. ಮನುಷ್ಯನೋ ಬಂಡೆಯೋ ತಿಳಿಯುತ್ತಿರಲಿಲ್ಲ. ಮೂರನೆಯ ದಿನ ನೋಡಿದರೆ ಆ ಚುಕ್ಕೆ ಎರಡಾಗಿತ್ತು. ಅಲ್ಲಿ ಯಾರೋ ನಡೆಯುತ್ತಿದ್ದಾರೆ, ಇನ್ನೊಬ್ಬರು ಅವರ ಹಿಂದೆ ಬರುತ್ತಿದ್ದಾರೆ ಎನಿಸಿತು. ಒಂದು ಗಂಟೆ ಅದನ್ನೇ ಯೋಚಿಸಿ ಕೊನೆಗೆ ಧೈರ್ಯ ಮಾಡಿ ಉಗುರಿನಿಂದ ಕೆರೆದೆ. ಎರಡೂ ಉದುರಿದವು. ನೊಣದ ಹಿಕ್ಕೆ!

ಮನೆಯಲ್ಲಿ ನಮ್ಮಾಕೆಗೆ ಪ್ರವಾಸಕ್ಕೆ ಹೋಗುತ್ತೇನೆ ಎಂದಷ್ಟೇ ಹೇಳಿದೆ, ಉಳಿದದ್ದೆಲ್ಲ ಹೇಳಲಿಲ್ಲ. ಫಾರಂ ಇಂಗ್ಲಿಷಿನಲ್ಲಿತ್ತು, ಆಕೆ ಇಂಗ್ಲಿಷ್ ಓದಿದವಳಲ್ಲ. ಅದೇ ನನಗೆ ಅನುಕೂಲವಾಯಿತು.

“ಎಂಥಾ ಊರು ಅದು?” ಎಂದು ಕೇಳಿದಳು.

“ಊರಲ್ಲ, ಗುಡ್ಡ. ಚಲೋ ರಸ್ತಿ ಐತಿ. ಬಸ್ಸು ತುದಿಗೆ ಹೋಗಿ ನಿಲ್ತೈತಿ. ಇಳದು, ನೋಡಿ, ಹತ್ತಿ ಬರೋದು ಅಷ್ಟ.”

“ಹಂಗಾರ ಇರ್ಲಿ ಬಿಡ್ರಿ,” ಎಂದಳು. ಅಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ನನಗೆ ಸ್ವಲ್ಪ ಬೇಸರವೇ ಆಯಿತು.

ಸಂಘದವರ ನಿಯಮಗಳು ಬಹಳ ಕಟ್ಟುನಿಟ್ಟು. ದಿನವೂ ಭಾರ ಹೊತ್ತು ಬೆಟ್ಟ ಹತ್ತಿ ಅಭ್ಯಾಸ ಮಾಡಬೇಕು. ಚೀಲಕ್ಕೆ ಹೆಸರು, ವಿಳಾಸ, ರಕ್ತದ ಗುಂಪು, ತುರ್ತು ಫೋನ್ ನಂಬರು ಬರೆದ ಚೀಟಿ ಕಟ್ಟಬೇಕು. ಈ ಚೀಟಿಯ ವಿಷಯದಲ್ಲಿ ನಾನು ಯಾರಿಗೂ ಕಡಿಮೆ ಇಲ್ಲ. ದಪ್ಪ ರಟ್ಟಿನ ಮೇಲೆ ಕನ್ನಡದಲ್ಲಿ, ಗುಂಡು ಅಕ್ಷರದಲ್ಲಿ ಬರೆದು, ಕೆಳಗೆ ‘ತುರ್ತು ಸಂದರ್ಭದಲ್ಲಿ ಈ ನಂಬರಿಗೆ ತಡಮಾಡದೆ ತಿಳಿಸತಕ್ಕದ್ದು’ ಎಂದು ಸೇರಿಸಿದೆ. ನಂಬರು ಪಕ್ಕದ ಮನೆಯ ಚನ್ನಬಸಪ್ಪ ಮೇಷ್ಟ್ರದು. ಇವರು ನಿವೃತ್ತ ಹೆಡ್‌ಮಾಸ್ಟರು. ನಮ್ಮ ಓಣಿಯಲ್ಲಿ ಫೋನ್ ಇದ್ದದ್ದು ಅವರ ಮನೆಯಲ್ಲಿ ಮಾತ್ರ.

ಅಭ್ಯಾಸಕ್ಕೆ ಊರಾಚೆಯ ಬಂಡೆಗುಡ್ಡವನ್ನು ಆರಿಸಿಕೊಂಡೆ. ಚೀಲದಲ್ಲಿ ಎರಡು ಗುಂಡುಕಲ್ಲು, ತಲೆಗೆ ಮಂಕಿ ಟೋಪಿ, ಹೆಗಲಿಗೆ ಕಂಬಳಿ. ಬೆಳಿಗ್ಗೆ ಆರಕ್ಕೇ ಬೆವರು ಸುರಿಯುತ್ತಿತ್ತು. ಅರ್ಧ ಹತ್ತಿದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ನಾನು ನಡೆದರೆ ಹಿಂದೆ ಯಾರೋ ನಡೆಯುತ್ತಾರೆ. ನಿಂತರೆ ಅವರೂ ನಿಲ್ಲುತ್ತಾರೆ. ತಿರುಗಿ ನೋಡಿದರೆ ಬಿಸಿಲೇರದ ಬಂಡೆಗಳು, ಅವುಗಳ ನಡುವೆ ಕತ್ತಲಿನ ಸಂದುಗಳು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಚೀಲದೊಳಗಿನ ಕಲ್ಲುಗಳೇ ಒಂದಕ್ಕೊಂದು ತಾಕುತ್ತಿವೆ ಎಂದು ಗೊತ್ತಾದಾಗ ಜೋರಾಗಿ ನಕ್ಕೆ. ನಾನು ನಗು ನಿಲ್ಲಿಸಿದ ಮೇಲೆ ಪಕ್ಕದ ಸಂದಿನೊಳಗಿಂದ ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ಹಸಿ ತೊಗಲಿನ ವಾಸನೆ ಗಪ್ಪೆಂದು ಬಂತು. ನಮ್ಮ ತಾಲ್ಲೂಕಿನಲ್ಲಿ ಬಂಡೆಯ ಸಂದಿಗೆ ಉಸಿರಿದೆ ಎಂದರೆ ಅದು ಕರಡಿ ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಹತ್ತಲು ಮುಕ್ಕಾಲು ಗಂಟೆ ಹಿಡಿದಿತ್ತು. ಇಳಿಯಲು ಎಷ್ಟು ಹೊತ್ತಾಯಿತು ಎಂದು ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ.

“ಅಭ್ಯಾಸ ಹ್ಯಾಂಗಾತು?” ಎಂದು ನಮ್ಮಾಕೆ ಕೇಳಿದಳು.

“ಭಾಳ ಚಲೋ ಆತು,” ಎಂದೆ.

ಅನಾಹುತ ಶುರುವಾದದ್ದು ಮರುದಿನ. ಫಾರಮ್ಮಿಗೆ ಒಬ್ಬ ಸಾಕ್ಷಿಯ ಸಹಿ ಬೇಕಿತ್ತು. ಮೇಷ್ಟ್ರನ್ನು ಮನೆಗೆ ಕರೆದೆ. ಓದದೆ ಸಹಿ ಮಾಡುವ ಜಾತಿ ಅವರದಲ್ಲ. ಕನ್ನಡಕ ಏರಿಸಿ, ಒಂದೊಂದೇ ಕಲಮನ್ನು ಇಂಗ್ಲಿಷಿನಲ್ಲಿ ಓದಿ, ತರಗತಿಯಲ್ಲಿ ಪಾಠ ಮಾಡುವಂತೆ ಗಟ್ಟಿಯಾಗಿ ಕನ್ನಡದಲ್ಲಿ ಹೇಳತೊಡಗಿದರು. ನಮ್ಮಾಕೆ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಕಲಂ ಹದಿನೇಳು. ಮರಣ ಸಂಭವಿಸಿದಲ್ಲಿ ಪಾರ್ಥಿವ ಶರೀರವನ್ನು ಯಾರಿಗೆ ಒಪ್ಪಿಸಬೇಕು? ಉತ್ತರ, ಹೆಂಡತಿಗೆ.” ಮೇಷ್ಟ್ರು ತಲೆದೂಗಿದರು. “ಅಕ್ಷರ ಏನ್ ಚಂದ ಬರದೀಯೋ ಕೊಟ್ರಪ್ಪ! ಕಲಂ ಹದಿನೆಂಟು. ಪಾರ್ಥಿವ ಶರೀರ ಸಿಗದೇ ಹೋದಲ್ಲಿ ಎಷ್ಟು ದಿನ ಹುಡುಕಬೇಕು? ಉತ್ತರ, ಸಂಘದ ಅನುಕೂಲದಂತೆ.”

ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಅಲುಗಿತು. ನಾನು ಕಣ್ಣಿನಲ್ಲೇ ಮೇಷ್ಟ್ರಿಗೆ ಸನ್ನೆ ಮಾಡಿದೆ. ಅವರು ಅದನ್ನು ಅನುಮಾನ ಎಂದು ತಿಳಿದು ವಿವರಿಸಲು ಹತ್ತಿದರು.

“ಒಂದು ತೊಂದ್ರಿ ಐತಿ ನೋಡು. ನಮ್ಮಾಗ ಸತ್ತವರನ್ನ ಮಲಗಸಂಗಿಲ್ಲ, ಕುಂದ್ರಸ್ತೀವಿ. ವಿಭೂತಿ ಹಚ್ಚಿ, ಹಾರ ಹಾಕಿ, ಕಾಲು ಮಡಿಸಿ ಕುಂದ್ರಿಸೇ ಮಣ್ಣು ಮಾಡ್ತೀವಿ. ನೀನು ಆ ಮಂಜಿನಾಗ ಉದ್ದಕ ಮಲಗಿ ಸೆಟದು ಬಿಟ್ರ ನಾವು ಇಲ್ಲಿ ಹ್ಯಾಂಗಪಾ ಕುಂದ್ರಸೋದು? ಅದಕ್ಕ ಒಂದು ಕಲಂ ಹಾಕ್ಬೇಕಿತ್ತು ಇವ್ರು. ಕಷ್ಟ ಆದಾಗ ಕುಂತಕೊಂಡೇ ಜೀವ ಬಿಡು, ನೆಪ್ಪಿರ್ಲಿ.”

ಹೀಗೆ ಸಲಹೆ ಕೊಟ್ಟು, ಸಹಿ ಹಾಕಿ, ಚಹಾ ಕುಡಿದು ಮೇಷ್ಟ್ರು ಹೋದರು. ನಮ್ಮಾಕೆ ನಿಂತಲ್ಲೇ ನಿಂತಿದ್ದಳು. ಬೈಯುತ್ತಾಳೆ ಎಂದು ನಾನು ಕಾದೆ. ಬೈದಿದ್ದರೆ ಎಷ್ಟೋ ಸುಖವಿತ್ತು. ಆಕೆ ನನ್ನ ಮುಖವನ್ನು ಹಣೆಯಿಂದ ಗದ್ದದವರೆಗೆ ನಿಧಾನವಾಗಿ ನೋಡಿದಳು, ಗುರುತು ಇಟ್ಟುಕೊಳ್ಳುವವರ ಹಾಗೆ. ಆಮೇಲೆ ಒಳಗೆ ಹೋದಳು.

ಮೂರು ದಿನ ಮನೆಯಲ್ಲಿ ಮಾತಿಲ್ಲ. ಬೀದಿಯಲ್ಲಿ ಮಾತ್ರ ಮಾತೇ ಮಾತು. ಯಾರಿಗೆ ಯಾರು ಹೇಳಿದರೋ, ಜನ ನನ್ನನ್ನು ನೋಡಲು ಬರತೊಡಗಿದರು. ಕೆಲಸವಿಲ್ಲದೆ ಮೇಜಿನ ಮುಂದೆ ನಿಂತು ಮುಖ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಓಣಿಯ ಹಿರಿಯಳು ಗೌರಮ್ಮಜ್ಜಿ ನನ್ನ ತಲೆ ಸವರಿ, “ಭಾಳ ಚಲೋ ಮನಷ್ಯಾ ಇದ್ದ,” ಎಂದಳು.

“ಅಜ್ಜಿ, ನಾನು ಇನ್ನಾ ಇದೀನಿ!”

“ಇದ್ದೀಯಪಾ, ಇದ್ದೀ,” ಎಂದು ಸಮಾಧಾನ ಮಾಡಿದಳು. ನನಗೆ ಸಮಾಧಾನವಾಗಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ನಾಲ್ಕನೆಯ ದಿನ ನಮ್ಮಾಕೆ ಬಾಯಿ ಬಿಟ್ಟಳು. “ನೋಡ್ರಿ, ನಮ್ಮ ಬಸಣ್ಣ ಹಗರಿಬೊಮ್ಮನಹಳ್ಳಿಯಾಗ ಐಸ್ ಫ್ಯಾಕ್ಟರಿ ನೋಡ್ಕೊಂತಾನಲ್ಲ. ಅಲ್ಲಿ ಐಸ್ ಇಡೋ ಖೋಲ್ಯಾಗ ಒಂದು ತಾಸು ಕುಂತು ಬರ್ರಿ. ನಡುವ ಏಳಂಗಿಲ್ಲ, ಯಾರನ್ನೂ ಕರಿಯಂಗಿಲ್ಲ. ಎದ್ರ ಸೋತಂಗ, ಕರದ್ರ ಸೋತಂಗ. ಸೋತ್ರ ಇನ್ನೊಮ್ಮಿ ಗುಡ್ಡದ ಹೆಸರು ಎತ್ತಬ್ಯಾಡ್ರಿ. ಗೆದ್ರ ಹೋಗ್ರಿ, ನಾನೇ ರೊಟ್ಟಿ ಬಡದು ಕಟ್ಟಿ ಕೊಡ್ತೀನಿ.”

“ಒಂದೇ ತಾಸ?” ಎಂದು ನಕ್ಕೆ. ಇಷ್ಟು ಅಗ್ಗಕ್ಕೆ ಹಿಮಾಲಯ ಸಿಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಬಸಣ್ಣ ಆಕೆಯ ತಮ್ಮ. ಅವನ ಫ್ಯಾಕ್ಟರಿಯ ಐಸು ಹಿನ್ನೀರಿನ ಮೀನಿಗೆ, ಮದುವೆಯ ಶರಬತ್ತಿಗೆ, ಮತ್ತೆ ದೂರದ ನೆಂಟರು ಬರುವತನಕ ಹೆಣ ಕೆಡದಂತೆ ಇಡುವುದಕ್ಕೆ ಹೋಗುತ್ತಿತ್ತು. ಸೋಮವಾರ ಬೆಳಿಗ್ಗೆ ನಾನು ಪೂರ್ಣ ಪರ್ವತ ವೇಷದಲ್ಲಿ ಹೊರಟೆ. ಕಂಬಳಿ, ಮಂಕಿ ಟೋಪಿ, ಚೀಟಿ ಕಟ್ಟಿದ ಚೀಲ. ನಮ್ಮಾಕೆ ದೇವರಿಗೆ ಪೂಜೆ ಮಾಡಿಸಿಕೊಂಡು ಬಂದು ನನ್ನ ಹಣೆಗೆ ಮೂರು ಬೆರಳಿನ ದಪ್ಪ ವಿಭೂತಿ ಬಳಿದಳು. ಪ್ರಸಾದದ ಚೆಂಡುಹೂವಿನ ಹಾರವನ್ನು ಕೊರಳಿಗೆ ಹಾಕಿದಳು. “ತಿರುಗಿ ಬರೋತನಕ ತಗೀಬ್ಯಾಡ್ರಿ,” ಎಂದಳು. ಬಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗೌರವ ಎಂದುಕೊಂಡೆ!

ಮಧ್ಯಾಹ್ನ ಒಂದು ಗಂಟೆಗೆ ಬಸಣ್ಣ ಆ ಕೋಣೆಯ ದಪ್ಪ ಬಾಗಿಲು ತೆರೆದ. ಚೀಲವನ್ನು ಹೊರಗೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ. “ಮಾವ, ನಾನು ಮನಿಗೆ ಹೋಗಿ ಉಂಡು ಎರಡಕ್ಕ ಬರ್ತೀನಿ. ಬಾಗಿಲಾ ಬರೇ ಮುಂದಕ ಮಾಡಿರ್ತೀನಿ. ನೀ ಒದರಿದ್ರ ಅಕ್ಕಗ ಹೇಳ್ತೀನಿ ನೋಡು,” ಎಂದು ನಗುತ್ತ ಹೋದ.

ನಾನು ಗೋಡೆಗೆ ಒರಗಿ, ಕಾಲು ಮಡಿಸಿ, ಕೈ ತೊಡೆಯ ಮೇಲಿಟ್ಟು ಕುಳಿತೆ. ಸುತ್ತಲೂ ನನ್ನೆತ್ತರದ ಐಸಿನ ಅಚ್ಚುಗಳು. ಎದುರಿನ ಬುಟ್ಟಿಯಲ್ಲಿ ಮೀನುಗಳು, ಎಲ್ಲದರ ಕಣ್ಣೂ ನನ್ನ ಕಡೆಗೆ. ಒಂದೇ ಒಂದು ಮಂಕು ಬಲ್ಬು. ಹೊರಗೆ ಯಂತ್ರದ ಗುರ್ ಸದ್ದು. ಹತ್ತು ನಿಮಿಷ ಸ್ವರ್ಗಸುಖ. ಇಪ್ಪತ್ತು ನಿಮಿಷಕ್ಕೆ ಕಿವಿ ಎಲ್ಲಿದೆ ಎಂದು ತಿಳಿಯಲಿಲ್ಲ. ಆಮೇಲೆ ಕರೆಂಟು ಹೋಯಿತು.

ಬಲ್ಬು ಆರಿತು, ಯಂತ್ರ ನಿಂತಿತು. ಅಂಥ ಕತ್ತಲನ್ನು ನಾನು ಹಗಲು ಹೊತ್ತಿನಲ್ಲಿ ಕಂಡಿರಲಿಲ್ಲ. ಹೊರಗೆ ಉರಿಬಿಸಿಲು, ಒಳಗೆ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಎಲ್ಲೋ ಒಂದು ಹನಿ ಟಪ್ ಎಂದು ಬಿತ್ತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಐಸಿನ ಅಚ್ಚುಗಳು ಒಳಗೊಳಗೇ ಕಿರ್ ಎಂದು ನರಳಿದವು, ನಿದ್ದೆಯಲ್ಲಿ ಯಾರೋ ಮಗ್ಗಲು ಬದಲಿಸಿದ ಹಾಗೆ. ನನ್ನ ಉಸಿರು ನನಗೇ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ಬೇರೆ ಯಾರದೋ ಉಸಿರಿನಂತೆ ಕೇಳತೊಡಗಿತು. ಎದ್ದು ಬಾಗಿಲು ದೂಡಿದರೆ ಮುಗಿಯುತ್ತಿತ್ತು. ಎದ್ದರೆ ಸೋತಂತೆ. ಏಳಲಿಲ್ಲ.

ಆಗ ಬಾಗಿಲು ತೆರೆಯಿತು. ಬಸಣ್ಣನಲ್ಲ. ಬ್ಯಾಟರಿ ಹಿಡಿದ ಒಬ್ಬ ಮುದುಕ. ಎರಡನೆಯ ಪಾಳಿಯ ಹನುಮಂತಪ್ಪ ಎಂದು ಆಮೇಲೆ ತಿಳಿಯಿತು. ಐಸು ಒಯ್ಯಲು ಬಂದಿದ್ದ. ನಾನು ಇಲ್ಲಿರುವುದನ್ನು ಬಸಣ್ಣ ಅವನಿಗೆ ಹೇಳಿರಲಿಲ್ಲ. ಬೆಳಕು ಮೀನಿನ ಮೇಲೆ, ಐಸಿನ ಮೇಲೆ ಹರಿದು ನನ್ನ ಮುಖದ ಮೇಲೆ ನಿಂತಿತು. ಬೇರೆ ಕಡೆಯವನಾಗಿದ್ದರೆ, ಕುಳಿತಿದ್ದಾನೆ ಎಂದ ಮೇಲೆ ಮನುಷ್ಯ ಬದುಕಿದ್ದಾನೆ ಎಂದು ತಿಳಿಯುತ್ತಿದ್ದ. ನಮ್ಮ ಕಡೆಯ ಲೆಕ್ಕವೇ ಬೇರೆ. ಗೋಡೆಗೆ ಒರಗಿಸಿದ್ದಾರೆ, ಕಾಲು ಮಡಿಸಿದ್ದಾರೆ, ವಿಭೂತಿ ಇದೆ, ಹಾರ ಇದೆ, ಮೈಮೇಲೆ ಬಿಳಿ ಹುಡಿ ಕೂತಿದೆ. ಇನ್ನೇನು ಬೇಕು?

ಅವನು ಕಿರುಚಲಿಲ್ಲ. ಕಿರುಚಿದ್ದರೆ ನಾನೂ ಕಿರುಚುತ್ತಿದ್ದೆ, ಎಲ್ಲ ಸರಿಯಾಗುತ್ತಿತ್ತು. ಮುದುಕ ಚಪ್ಪಲಿ ಬಿಟ್ಟು ಒಳಗೆ ಬಂದು ಕೈ ಮುಗಿದ!

“ಯಾವೂರ ಪುಣ್ಯಾತ್ಮನೋ,” ಎಂದ. “ಹೇಳದ ಕೇಳದ ತಂದು ಕುಂದ್ರಿಸ್ಯಾರ. ಮಂದಿ ಬರೋತನಕ ಇರ್ಲಿ ಅಂತ ಇಟ್ಟಾರೇನೋ.”

ಮಾತಾಡಿದರೆ ಸೋತಂತೆಯೇ ಎಂದು ನಾನು ಒಳಗೇ ಲೆಕ್ಕ ಹಾಕಿದೆ. ಕರೆಯಬಾರದು ಎಂದಿದ್ದಳು, ಮಾತಾಡಬಾರದು ಎಂದಿರಲಿಲ್ಲ. ಈ ಕಾನೂನಿನ ಪ್ರಶ್ನೆ ತೀರ್ಮಾನವಾಗುವ ಹೊತ್ತಿಗೆ ನನ್ನ ದವಡೆ ಕಚ್ಚಿಕೊಂಡು ಬಿಟ್ಟಿತ್ತು. ಬದುಕಿದ್ದೇನೆ ಎಂದು ತಿಳಿಸಲು ಹೇಗೋ ಕಷ್ಟಪಟ್ಟು ನಕ್ಕೆ.

“ಮುಖದಾಗ ಏನ್ ಕಳಾ ಐತಿ! ಸತ್ರೂ ನಕ್ಕೋತ ಕುಂತೈತಿ ಜೀವ,” ಎಂದ. ಹೊರಗೆ ಹೋಗಿ, ಆಫೀಸಿನ ದೇವರ ಪಟದ ಮುಂದಿನ ಊದಿನಕಡ್ಡಿ ತಂದು ಹಚ್ಚಿ, ನನ್ನ ಮುಂದಿನ ಐಸಿನ ಸಂದಿಗೆ ಸಿಕ್ಕಿಸಿದ. ಕುಕ್ಕರಗಾಲಿನಲ್ಲಿ ಕುಳಿತು ನನ್ನ ಜೊತೆ ಮಾತಿಗೆ ಇಳಿದ. “ಒಬ್ಬಂವನ್ನ ಕತ್ಲ್ಯಾಗ ಬಿಟ್ಟು ಎಲ್ಲಿಗೆ ಹೋಗ್ಯಾರಪಾ ನಿನ್ನ ಮಂದಿ? ಹೆಂಡತಿ ಇಲ್ಲೇನು ನಿನಗ? ಇದ್ರ ಬಿಟ್ಟು ಹೋಗ್ತಿದ್ಲೇನು?”

ಎದ್ದು ಹೊರಗೆ ಹೋಗುವಾಗ ಬಾಗಿಲ ಪಕ್ಕದ ಚೀಲ ಅವನ ಕಣ್ಣಿಗೆ ಬಿತ್ತು. ಬ್ಯಾಟರಿಯ ಬೆಳಕು ಬಿಟ್ಟು ಚೀಟಿಯನ್ನು ನಿಧಾನವಾಗಿ ಕೂಡಿಸಿಕೊಂಡು ಓದಿದ. “ತಡಮಾಡದೆ... ತಿಳಿಸತಕ್ಕದ್ದು. ಹೌದಪಾ, ತಿಳಸ್ತೀನಿ. ನೀ ಕುಂತಿರು.” ಬಾಗಿಲು ಮುಚ್ಚಿತು. ಬಸಣ್ಣನಿಗೆ ತಿಳಿಸಲು ಹೋದ ಎಂದು ನಾನು ತಿಳಿದೆ.

ಮತ್ತೆ ಕತ್ತಲು. ಊದಿನಕಡ್ಡಿಯ ಕೆಂಪು ಚುಕ್ಕೆ ಮಾತ್ರ. ಅದರ ವಾಸನೆ ಮೂಗಿಗೆ ಬಂತು. ನಿಮಗೆ ನಗು ಬರಬಹುದು, ಆದರೆ ಅಲ್ಲಿ ನನಗೆ ಬರಲಿಲ್ಲ. ಇಷ್ಟು ತಿಳಿದ ಮುದುಕ ತಪ್ಪು ಹೇಳುವನೇ ಎಂಬ ಅನುಮಾನ ಹುಟ್ಟಿತು. ಕೈ ಎತ್ತಲು ಹೋದೆ, ಏಳಲಿಲ್ಲ. ಎದೆಯ ಬಡಿತಕ್ಕೆ ಕಿವಿಗೊಟ್ಟೆ, ಕೇಳಿದ್ದು ಟಪ್ ಎಂಬ ಹನಿ. ಸಾಯುವುದು ಎಂದರೆ ಇಷ್ಟೇ ಇರಬಹುದು, ಯಾರೂ ಬಂದು ಹೇಳುವುದಿಲ್ಲ, ಕುಳಿತಲ್ಲೇ ಕುಳಿತಿರುವುದು, ಅಷ್ಟೇ ಎನಿಸಿತು. ಹಾಗೆ ಎಷ್ಟು ಹೊತ್ತು ಕಳೆಯಿತೋ ಗೊತ್ತಿಲ್ಲ.

“ಮಾವ, ತಾಸು ಮುಗೀತು! ಗೆದ್ದಿ!” ಎಂದು ಬಸಣ್ಣ ಬಾಗಿಲು ತೆರೆದ. ಇಬ್ಬರು ಹಿಡಿದು ನನ್ನನ್ನು ಬಿಸಿಲಿಗೆ ತಂದು ಕೂರಿಸಿದರು. ಮಡಿಸಿದ ಕಾಲು ಬಿಡಿಸಲು ಕಾಲು ಗಂಟೆ ಹಿಡಿಯಿತು. ಮೂರು ಕಪ್ಪು ಚಹಾ ಒಳಗೆ ಹೋದ ಮೇಲೆ ಊದಿನಕಡ್ಡಿಯ ವಿಷಯ ಹೇಳಿದೆ.

“ಹನುಮಂತಪ್ಪ ಇರ್ಬೇಕು ಬಿಡು. ಅಂವ ಕಂಡದ್ದಕ್ಕೆಲ್ಲ ಕೈ ಮುಗಿತಾನ,” ಎಂದ ಬಸಣ್ಣ. ನನಗೂ ಅಷ್ಟೇ ಸಾಕಾಯಿತು. ಗೆದ್ದಿದ್ದೆನಲ್ಲ! ಚೀಲ ಹೊತ್ತು, ಹಾರ ಹಾಕಿಕೊಂಡೇ ಬಸ್ಸು ಹತ್ತಿದೆ.

ಬಸ್ಸು ಕೊಟ್ಟೂರು ದಾಟಿದ ಮೇಲೆ ಎದುರಿನಿಂದ ಒಂದು ಟೆಂಪೊ ಬಂತು. ಅದರ ಮೇಲೆ ಬಿದಿರು, ಬಾಳೆಕಂಬ ಕಟ್ಟಿದ್ದರು. ಒಳಗೆ ತಲೆ ತಗ್ಗಿಸಿ ಕುಳಿತ ಗಂಡಸರು. ಯಾರದೋ ಸಾವು. ನಾನು ಕಿಟಕಿಯಲ್ಲಿ ಭಕ್ತಿಯಿಂದ ಕೈ ಮುಗಿದೆ. ಎರಡೂ ಗಾಡಿ ತಿರುವಿನಲ್ಲಿ ನಿಧಾನವಾದಾಗ ಟೆಂಪೊದ ಮುಂದಿನ ಸೀಟಿನಲ್ಲಿ ನಮ್ಮ ಚನ್ನಬಸಪ್ಪ ಮೇಷ್ಟ್ರು ಕಂಡರು. ಒಂದು ಮೊಳ ದೂರ. ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ವಿಭೂತಿ, ಹಾರ, ಮುಗಿದ ಕೈ. ಮೇಷ್ಟ್ರ ಬಾಯಿ ತೆರೆಯಿತು. ಟೆಂಪೊ ಹೋಯಿತು. ಪಾಪ, ತೀರಾ ಹತ್ತಿರದವರು ಯಾರೋ ಹೋಗಿರಬೇಕು ಎಂದು ಮರುಗಿದೆ.

ಕೂಡ್ಲಿಗಿಯಲ್ಲಿ ಇಳಿದಾಗ ಬಿಸಿಲು ಇಳಿದಿತ್ತು. ನಮ್ಮ ಓಣಿಯ ಅಂಗಡಿಗಳು ಮುಚ್ಚಿದ್ದವು. ನನ್ನ ಚಪ್ಪಲಿಯ ಸದ್ದು ನನಗೇ ದೊಡ್ಡದಾಗಿ ಕೇಳುತ್ತಿತ್ತು. ಕಟ್ಟೆಯ ಮೇಲೆ ಕುಳಿತವರು ನನ್ನನ್ನು ಕಂಡು ಒಬ್ಬೊಬ್ಬರೇ ಎದ್ದು ಗೋಡೆಗೆ ಅಂಟಿ ನಿಂತರು. ಯಾರೋ ಪಿಸುಗುಟ್ಟಿದರು, “ಕಾಲು ನೋಡ್ರೋ, ಕಾಲು! ಹಿಂದ ಮುಂದ ಅದಾವೇನು?” ನಾನೂ ಹೆದರಿ ನನ್ನ ಕಾಲು ನೋಡಿಕೊಂಡೆ. ಸರಿಯಾಗಿಯೇ ಇದ್ದವು. ತಲೆ ಎತ್ತಿ ನೋಡಿದರೆ ನಮ್ಮ ಮನೆಯ ಮುಂದೆಯೇ ಬೆಂಚು ಹಾಕಿದ್ದರು. ಜನ ಸೇರಿದ್ದು ನಮ್ಮ ಮನೆಯ ಮುಂದೆಯೇ. ಆಗ ಹತ್ತಿದ ಚಳಿ ಐಸಿನ ಕೋಣೆಯಲ್ಲೂ ಹತ್ತಿರಲಿಲ್ಲ. ನಮ್ಮಾಕೆಗೆ ಏನಾಯಿತು ಎಂದು ಓಡಿದೆ.

ಬಾಗಿಲಿಗೆ ಬಂದಾಗ ಆಕೆಯ ದನಿ ಕೇಳಿತು. ಗೌರಮ್ಮಜ್ಜಿ ಆಕೆಯ ಬಳೆಗೆ ಕೈ ಹಾಕಲು ಬಂದಿದ್ದಳು.

“ಅಜ್ಜಿ, ಮುಟ್ಟಿದ್ರ ನೋಡು ಮತ್ತ! ಅವರ ಮುಖ ನೋಡೋತನಕ ಒಂದು ಬಳಿ ಒಡಿಯಂಗಿಲ್ಲ. ಸಂತಿಗೆ ಹೋದ್ರ ಕೊತ್ತಂಬರಿ ಮರತು ಬರೋ ಮನಷ್ಯಾ. ಒಂದು ಕೆಲಸಾನೂ ನೆಟ್ಟಗ ಮಾಡಿದವರಲ್ಲ. ಹಿಂಗ ಕುಂತಲ್ಲೇ ನೆಟ್ಟಗ ಸಾಯಾಕ ಅವರ ಕೈಲಿ ಆಗಂಗಿಲ್ಲ!”

ನಾನು ಹೊಸಿಲು ದಾಟಿದೆ. ಗೌರಮ್ಮಜ್ಜಿ “ಶಿವಶಿವಾ” ಎಂದು ಗೋಡೆಗೆ ಒರಗಿದಳು. ಹೆಂಗಸರು ಚೀರಿ ಅಡುಗೆಮನೆಗೆ ನುಗ್ಗಿದರು. ನಮ್ಮಾಕೆ ಏಳಲಿಲ್ಲ. ನನ್ನ ಮುಖವನ್ನು ನೋಡಿದಳು. ಆಕೆಯ ಕಣ್ಣು ಊದಿ ಕೆಂಪಾಗಿದ್ದವು.

“ಉಂಡೀರೇನು?” ಎಂದಳು.

ಹನುಮಂತಪ್ಪ ಎಸ್ಟಿಡಿ ಬೂತಿನಿಂದ ಮೇಷ್ಟ್ರಿಗೆ ಫೋನು ಮಾಡಿ, “ನಿಮ್ಮ ಕೊಟ್ರಪ್ಪಾರು ತೀರಿಕೊಂಡಾರ, ಐಸಿನಾಗ ಕುಂದ್ರಿಸೀವಿ, ಯಾವಾಗ ಒಯ್ತೀರಿ?” ಎಂದು ಕೇಳಿದ್ದು ಆಮೇಲೆ ತಿಳಿಯಿತು. ಜನ ಚದುರುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಕೆಲವರಿಗೆ ನಿರಾಸೆಯಾದದ್ದು ಮುಖದಲ್ಲೇ ಕಾಣುತ್ತಿತ್ತು. ನಮ್ಮಾಕೆ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ನಾನು ಎಂಥ ಮನುಷ್ಯ ನೋಡಿ, ಎರಡನೆಯ ರೊಟ್ಟಿಗೆ ಕೈ ಹಾಕುತ್ತ, “ಒಂದು ತಾಸು ಕುಂತೆ. ಏಳ್ಲಿಲ್ಲ. ಗೆದ್ದಂಗಾತು ನೋಡು,” ಎಂದೆ!

“ಹೌದು, ಗೆದ್ರಿ,” ಎಂದಳು. “ಮಾತು ಕೊಟ್ಟೀನಿ, ಹೋಗ್ರಿ. ನನ್ನ ಅಳೋದು ಇವತ್ತಿಗೆ ಮುಗೀತು. ಮೇಷ್ಟ್ರು ಬಂದು ಹೇಳಿದ ಮ್ಯಾಲೆ ಬಚ್ಚಲಮನ್ಯಾಗ ಕುಂತು ಎಲ್ಲಾ ಅತ್ತು ಬಂದೀನಿ. ಇನ್ನೊಂದ್ಸಲ ಅಳಾಕ ನನ್ನ ಕೈಲಿ ಆಗಂಗಿಲ್ಲ. ಹೋಗ್ರಿ.”

ರೊಟ್ಟಿಯನ್ನು ತಟ್ಟೆಗೆ ವಾಪಸ್ಸು ಇಟ್ಟೆ. ಎಷ್ಟು ದೊಡ್ಡ ತಪ್ಪು ಮಾಡಿದ್ದೆ ಎಂದು ನನಗೆ ಆಗ ಗೊತ್ತಾಯಿತು. ಬಹಳ ನಾಚಿಕೆಯಾಯಿತು.

“ಗೆದ್ದಿಲ್ಲ,” ಎಂದೆ. “ಕರದೆ.”

“ಯಾರನ್ನ?”

“ಆ ಮುದುಕ ಊದಿನಕಡ್ಡಿ ಹಚ್ಚಿ ಹೋದ ಮ್ಯಾಲೆ ಸತ್ತೇ ಹೋದೆ ಅನ್ನಿಸ್ತು. ಭಾಳ ಹೆದರಿಕಿ ಆತು. ನಿನ್ನ ಕರದೆ.”

“ಏನಂತ ಕರದ್ರಿ?”

“ಹೆಸರು ಹಿಡದು.”

ಆಕೆ ಪಲ್ಲೆಯ ಸೌಟನ್ನು ಕೆಳಗಿಟ್ಟಳು. ಮದುವೆಯಾಗಿ ಇಪ್ಪತ್ತೆರಡು ವರ್ಷ. ‘ಏ, ಇಲ್ಲಿ ನೋಡು’, ‘ಕೇಳ್ತೇನು’ ಎಂಬುದನ್ನು ಬಿಟ್ಟು ನಾನು ಬೇರೆ ಏನೂ ಕರೆದವನಲ್ಲ. ನಮ್ಮ ಕಡೆ ಗಂಡಸರು ಹೆಂಡತಿಯ ಹೆಸರನ್ನು ಬರೆಯುವುದು ರೇಷನ್ ಕಾರ್ಡಿನಲ್ಲಿ ಮಾತ್ರ.

“ನನಗ ಕೇಳ್ಸಲಿಲ್ಲಲ್ಲ?”

“ಬಾಯಿಂದ ದನಿ ಬರ್ಲಿಲ್ಲ.”

ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ದನಿ ಬರ್ಲಿ ಬಿಡ್ಲಿ, ಕರದ್ರ ಕರದಂಗ. ಹಂಗಾರ ಸೋತ್ರಿ.”

“ಸೋತೆ,” ಎಂದೆ.

“ಇನ್ನೊಮ್ಮಿ ಕರೀರಿ ನೋಡೂಣು. ಈಗ ಐಸೂ ಇಲ್ಲ, ಮಂದೀನೂ ಇಲ್ಲ.”

ಹದಿನಾಲ್ಕು ಸಾವಿರ ಅಡಿ ಹತ್ತಲು ಹೊರಟಿದ್ದ ಮಹಾಶೂರ ನಾನು ಬಾಯಿ ತೆರೆದೆ. ಇದ್ದದ್ದು ಮೂರೇ ಅಕ್ಷರ. ಮೊದಲನೆಯ ಅಕ್ಷರದ ಬುಡಕ್ಕೆ ಹೋಗುವಷ್ಟರಲ್ಲಿ ಉಸಿರು ಕಟ್ಟಿತು, ಕಿವಿ ಬಿಸಿಯಾಯಿತು. ಕೆಮ್ಮು ಬಂದವನ ಹಾಗೆ ಮಾಡಿ, ಕುಡಿಯಲು ನೀರು ಕೇಳಿದೆ.